ಇಸಿದೋರಾಳ ಬಾಯಿಯ ಒಕ್ಕಲು

ಅಗ್ರೆಲೋಪಿ ಎಂಬ ದ್ವೀಪದ ಹಳ್ಳಿಯಲ್ಲಿ ಇಸಿದೋರಾಳಷ್ಟು ಚೊಕ್ಕಟದ ಹೆಂಗಸು ಇನ್ನೊಬ್ಬಳಿಲ್ಲವೆಂದು ಊರೆಲ್ಲ ಒಪ್ಪಿಕೊಂಡಿತ್ತು. ಒಪ್ಪದೆ ಗತಿಯಿರಲಿಲ್ಲ, ಒಪ್ಪದವರ ಮನೆಗೆ ಬಂದು ಅವಳೇ ಗುಡಿಸಿಬಿಡುತ್ತಿದ್ದಳು. ಹೊಸ್ತಿಲಿಗೆ ವರ್ಷಕ್ಕೆ ಆರು ಸಲ ಸುಣ್ಣ ಬಳಿಯುತ್ತಾಳೆ. ನಿಂಬೆಹಣ್ಣನ್ನು ಸೋಪು ಹಾಕಿ ತೊಳೆಯುತ್ತಾಳೆ. ಚರ್ಚಿನಲ್ಲಿ ಸಂತರ ಪಟಕ್ಕೆ ಮುತ್ತಿಡುವ ಮೊದಲು ಗಾಜನ್ನು ಕರವಸ್ತ್ರದಿಂದ ಒರೆಸುತ್ತಾಳೆ, ಮುತ್ತಿಟ್ಟ ಮೇಲೆ ಇನ್ನೊಮ್ಮೆ ಒರೆಸುತ್ತಾಳೆ. ಪಾದ್ರಿಯೇ ಒಮ್ಮೆ ತಡೆಯಲಾರದೆ, "ಇಸಿದೋರಾ, ಸಂತರಿಗೆ ನೆಗಡಿ ಅಂಟಲ್ಲಮ್ಮ, ಬಿಟ್ಬಿಡು" ಎಂದಿದ್ದ.

ಇಂಥವಳ ಬಾಯಲ್ಲಿ ಹುಳ ಇದೆ ಎಂದು ಅವಳ ಸ್ವಂತ ಸೊಸೆಯೇ ಹೇಳಿದರೆ ಹೇಗಾಗಬೇಡ, ನೀವೇ ಹೇಳಿ!

ಸೊಸೆ ಡಾಫ್ನಿ ಅಥೆನ್ಸಿನವಳು, ಊರಿನ ಔಷಧಿ ಅಂಗಡಿ ಅವಳದ್ದೇ. ಕೆಟ್ಟವಳಲ್ಲ, ಆದರೆ ಓದಿದವಳು. ಜೂನ್ ತಿಂಗಳಲ್ಲಿ ಅವಳಿಗೆ ಹೆಣ್ಣುಮಗು ಹುಟ್ಟಿತು. ಇಸಿದೋರಾಳಿಗೆ ಇದ್ದವನು ಒಬ್ಬನೇ ಮಗ ಸ್ತಮಾತಿಸ್, ಅವನಿಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಕೂಸು. ಹೆಸರಿಡುವುದು ದೀಕ್ಷಾಸ್ನಾನದ ದಿನ, ಅಲ್ಲಿಯವರೆಗೆ ಎಲ್ಲರ ಬಾಯಲ್ಲೂ ಅದು 'ಪಾಪು'. ಇಸಿದೋರಾ ಮೊದಲ ಸಲ ತೊಟ್ಟಿಲ ಮೇಲೆ ಬಗ್ಗಿ, "ಅಯ್ಯೋ, ಎಷ್ಟು ಮುದ್ದಾಗಿದೆಯಮ್ಮಾ!" ಎಂದಳು. ಅಂದಮೇಲೆ ಮೂರು ಸಲ ಉಗುಳಬೇಕಲ್ಲ? ತುಟಿ ಮುಂದೆ ಮಾಡಿದಳು. ಅಷ್ಟರಲ್ಲಿ ಅವಳ ಬಾಯಿಗೂ ಮಗುವಿನ ಮುಖಕ್ಕೂ ನಡುವೆ ಒಂದು ಟವೆಲ್ಲು ಬಂದು ನಿಂತಿತು.

"ಅತ್ತೆ! ಏನ್ಮಾಡ್ತಿದ್ದೀರಾ?"

"ದೃಷ್ಟಿ ತೆಗೀತಿದ್ದೀನಿ ಕಣಮ್ಮಾ. ಮುದ್ದಾಗಿದೆ ಅಂದ್ಬಿಟ್ಟೆ. ಉಗೀದೆ ಹೋದ್ರೆ ತಾಗತ್ತೆ."

"ತಾಗೋದು ದೃಷ್ಟಿ ಅಲ್ಲ, ನಿಮ್ಮ ಬಾಯಿಯ ಬ್ಯಾಕ್ಟೀರಿಯಾ. ಒಬ್ಬೊಬ್ಬರ ಬಾಯಲ್ಲಿ ನೂರಾರು ಜಾತಿ ಇರ್ತವೆ."

"ನನ್ನ ಬಾಯಲ್ಲಾ?"

"ಎಲ್ಲರ ಬಾಯಲ್ಲೂ."

"ಎಲ್ಲರದ್ದು ನಂಗೊತ್ತಿಲ್ಲ. ಕೆಳಗಡೆ ಮನೆ ಆರ್ಗಿರೋ ಬಾಯಲ್ಲಿ ಬೇಕಾದ್ರೆ ಕತ್ತೆ ಕಟ್ಟಿರಬಹುದು. ನನ್ನ ಬಾಯಲ್ಲಿ ಹುಳ ಅಂದ್ಯಲ್ಲೇ ತಾಯಿ!"

ಡಾಫ್ನಿ ಜಗಳವಾಡಲಿಲ್ಲ, ಕಾನೂನು ಮಾಡಿದಳು. ಮಗುವಿನ ಮುಖದ ಹತ್ತಿರ ಯಾರೂ ಬಾಯಿ ತರುವಂತಿಲ್ಲ. ಮುತ್ತಿಲ್ಲ, ಉಗುಳುವುದಂತೂ ಇಲ್ಲವೇ ಇಲ್ಲ. ಕಾಲಿನ ಹೆಬ್ಬೆರಳನ್ನು ಮುಟ್ಟಬಹುದು, ಅದೂ ಕೈ ತೊಳೆದು.

ಐದು ತಿಂಗಳು ಇಸಿದೋರಾ ಹೆಬ್ಬೆರಳು ಮುಟ್ಟಿಕೊಂಡು ಬದುಕಿದಳು. ಮಗುವಿಗೆ ಬಿಕ್ಕಳಿಕೆ ಬಂದರೆ ದೃಷ್ಟಿ ತಾಗಿತು ಅಂದುಕೊಳ್ಳುತ್ತಿದ್ದಳು, ಅತ್ತರೆ ದೃಷ್ಟಿ, ಅಳದೆ ಸುಮ್ಮನಿದ್ದರೆ ದೊಡ್ಡ ದೃಷ್ಟಿ. ಅವಳ ಮನೆ ಓಣಿಯ ಈಚೆ, ಮಗನದ್ದು ಎದುರಿಗೆ ಮಹಡಿಯ ಮೇಲೆ. ಒಂದು ದಿನ ತಾಳಲಾರದೆ, ಓಣಿಯಲ್ಲಿ ನಿಂತು ಮಹಡಿಯ ಬಾಲ್ಕನಿಯ ಕಡೆ ಮುಖವೆತ್ತಿ ಮೂರು ಸಲ ಉಗುಳಿದಳು. ಮೇಲೆ ಉಗುಳಿದರೆ ಎಲ್ಲಿ ಬೀಳುತ್ತದೆಂಬುದು ಗಾದೆಯಾಗಿಯೇ ಇದೆ. ಬಿದ್ದದ್ದನ್ನು ಕರವಸ್ತ್ರದಿಂದ ಒರೆಸಿಕೊಂಡು ಒಳಗೆ ಹೋದಳು.

ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿತ್ತು, ಅದು ಆರ್ಗಿರೋ. ಆ ಬಾಲ್ಕನಿಯ ಕೆಳಗಿರುವ ಅಂಗಳ ಆರ್ಗಿರೋಳದ್ದು. ಎಪ್ಪತ್ತಾರು ವಯಸ್ಸಾದರೂ ಬಾದಾಮಿಯನ್ನು ಸಿಪ್ಪೆ ಸಮೇತ ಹಲ್ಲಲ್ಲೇ ಒಡೆಯುವ ಗಟ್ಟಿ ಮುದುಕಿ, ಮನೆ ಮಾತ್ರ ಕೋಳಿಗಳಿಗೂ ನಾಚಿಕೆಯಾಗುವ ಹಾಗೆ. ಮಗು ತನ್ನ ಚೀಪುವ ರಬ್ಬರ್ ನಿಪ್ಪಲ್ಲನ್ನು ದಿನಕ್ಕೆ ನಾಲ್ಕೈದು ಸಲವಾದರೂ ಬಾಲ್ಕನಿಯಿಂದ ಕೆಳಕ್ಕೆ ಎಸೆಯುತ್ತಿತ್ತು. ಡಾಫ್ನಿ ಹಗ್ಗಕ್ಕೆ ಕಟ್ಟಿದ ಬುಟ್ಟಿಯನ್ನು ಇಳಿಬಿಡುತ್ತಿದ್ದಳು. ಆರ್ಗಿರೋ ನಿಪ್ಪಲ್ಲನ್ನು ಹೆಕ್ಕಿ, ಒಳಗೆ ಹೋಗಿ, ತೊಳೆದು, ಬುಟ್ಟಿಯಲ್ಲಿಟ್ಟು ಕಳಿಸುತ್ತಿದ್ದಳು.

"ಆರ್ಗಿರೋ ದೊಡ್ಡಮ್ಮ ಎಷ್ಟು ಚೊಕ್ಕಟ ಅಂತೀರಾ ಅತ್ತೆ," ಎಂದಿದ್ದಳು ಡಾಫ್ನಿ ಒಮ್ಮೆ. "ಎಷ್ಟು ಸಲ ಬಿದ್ರೂ ಬೇಜಾರಿಲ್ದೆ ಪಳಪಳ ಅನ್ನೋ ಹಾಗೆ ತೊಳೆದು ಕಳಿಸ್ತಾರೆ."

ಆರ್ಗಿರೋ ಚೊಕ್ಕಟ! ಆ ಮಾತು ಕೇಳಿದ ದಿನ ಇಸಿದೋರಾ ಊಟ ಮಾಡಲಿಲ್ಲ.

ಇಬ್ಬರು ಮುದುಕಿಯರೂ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಕಾರಣ ಒಂದು ಚಮಚ. ಇಸಿದೋರಾಳ ಮನೆಯಲ್ಲಿ ಹಬ್ಬದೂಟ, ಮೇಜಿನ ಮಧ್ಯೆ ಎಲ್ಲರಿಗೂ ಒಂದೇ ಬೋಗುಣಿ. ಆರ್ಗಿರೋ ಎರಡು ತುತ್ತು ತಿಂದು ಚಮಚ ಕೆಳಗಿಟ್ಟಳು. ಇಸಿದೋರಾ ಅದನ್ನೆತ್ತಿಕೊಂಡು, ಹದಿನಾಲ್ಕು ಜನರ ಎದುರಿಗೆ, ಕರವಸ್ತ್ರದಿಂದ ಒರೆಸಿ, ಮತ್ತೆ ಅವಳ ಮುಂದೆಯೇ ಇಟ್ಟಳು. ಅವಳಿಗೆ ಅದು ಉಸಿರಾಡಿದಷ್ಟು ಸಹಜ. ಆರ್ಗಿರೋ ಎದ್ದು ನಿಂತು, "ನನ್ನ ಬಾಯೇನು ಚರಂಡಿ ಅಂದ್ಕೊಂಡ್ಯೇನೇ?" ಎಂದು ಕೇಳಿ ಹೊರಟುಹೋದವಳು ಆಮೇಲೆ ಆ ಮನೆ ಹೊಸ್ತಿಲು ತುಳಿದಿರಲಿಲ್ಲ.

ನವೆಂಬರಿನಲ್ಲಿ, ಹೆಂಗಸರೆಲ್ಲ ಸಣ್ಣ ಚಾಕು ಹಿಡಿದು ಮಸ್ತೀಹಾ ಮರದ ಅಂಟಿನ ಹರಳುಗಳಿಂದ ಮಣ್ಣು ಕೆರೆಯಲು ಕೂರುವ ಹೊತ್ತಿಗೆ, ಅನೆಸ್ತಿಸ್ ಎಂಬ ಕುರುಚಲು ಗಡ್ಡದ ಹಲ್ಲಿನ ಡಾಕ್ಟರು ಅಥೆನ್ಸಿನಿಂದ ಬಂದ. ಹುಟ್ಟಿದಾಗಿನಿಂದ ಮಸ್ತೀಹಾ ಅಗಿಯುವ ಈ ಊರವರ ಬಾಯಲ್ಲಿ ಯಾವ ಯಾವ ಬ್ಯಾಕ್ಟೀರಿಯಾ ಇವೆಯೆಂದು ಅವನಿಗೆ ತಿಳಿಯಬೇಕಿತ್ತಂತೆ. ಹತ್ತಿ ಸುತ್ತಿದ ಕಡ್ಡಿಯಿಂದ ಕೆನ್ನೆಯ ಒಳಗಡೆ, ನಾಲಿಗೆಯ ಮೇಲೆ ಸವರಿಕೊಂಡು ಹೋಗುತ್ತಾನಂತೆ, ನೋವಿಲ್ಲವಂತೆ. ಎಲ್ಲರಿಗೂ ಒಂದು ನಂಬರಿನ ಚೀಟಿ, ಹೆಸರು ಯಾರಿಗೂ ಗೊತ್ತಾಗುವುದಿಲ್ಲವಂತೆ. ಜೊತೆಗೊಂದು ಕಾಗದ: ಇನ್ನು ಹತ್ತು ದಿನಕ್ಕೆ ಬರುತ್ತೇನೆ, ಅಲ್ಲಿಯವರೆಗೆ ಎಂದಿನ ಹಾಗೇ ಇರಿ, ವಿಶೇಷವಾಗಿ ಏನೂ ಮಾಡಬೇಡಿ, ಆ ದಿನ ಬೆಳಿಗ್ಗೆ ಬಾಯಿ ತೊಳೆಯಬೇಡಿ.

ಸ್ತಮಾತಿಸ್ ಅಮ್ಮನಿಗೂ ಹೆಂಡತಿಗೂ ನಡುವೆ ಸಿಕ್ಕಿ ಅರೆದ ಮೆಣಸಿನಕಾಯಿಯಂತಾಗಿದ್ದ. ಅವನಿಗೆ ಇದೊಂದು ದಾರಿ ಕಂಡಿತು. "ಡಾಫ್ನಿ, ಅಮ್ಮನ ಬಾಯಿ ಆರೋಗ್ಯವಾಗಿದೆ ಅಂತ ಆ ಡಾಕ್ಟರ್ ಹೇಳಿದ್ರೆ ಪಾಪೂಗೆ ಒಂದು ಮುತ್ತು ಕೊಡೋಕೆ ಬಿಡ್ತೀಯಾ?"

ಡಾಫ್ನಿ ಯೋಚಿಸಿದಳು. "ಹೇಳಿದ್ರೆ ಬಿಡ್ತೀನಿ. ಮುತ್ತೂ ಕೊಡಲಿ, ಮೂರು ಸಲ ಉಗುಳಲಿ."

ಇಸಿದೋರಾಳಿಗೆ ರೆಕ್ಕೆ ಬಂತು. ಪರೀಕ್ಷೆ ಅಂದಮೇಲೆ ಪರೀಕ್ಷೆಯೇ. ಆ ಕಾಗದವನ್ನು ಅವಳು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು, ಓದಲಿಲ್ಲವೆಂದು ಯಾರೂ ಹೇಳುವ ಹಾಗಿಲ್ಲ. 'ವಿಶೇಷವಾಗಿ ಏನೂ ಮಾಡಬೇಡಿ' ಎಂಬುದನ್ನು ಓದಿ ಮುಗುಳ್ನಕ್ಕಳು. ನೆಂಟರು ಬರುತ್ತೇವೆಂದು ಹೇಳಿಕಳಿಸುವಾಗಲೂ 'ನಮಗಾಗಿ ಏನೂ ಮಾಡಬೇಡಿ' ಎಂದೇ ಹೇಳುತ್ತಾರೆ. ಹಾಗೆಂದು ಗುಡಿಸದೆ, ಒರೆಸದೆ, ಹಾಸಿಗೆ ಬಟ್ಟೆ ಬದಲಿಸದೆ ಕೂರುವ ಹೆಂಗಸು ಈ ದ್ವೀಪದಲ್ಲಿ ಯಾವಳಾದರೂ ಇದ್ದಾಳೆಯೇ? ಒಬ್ಬಳಿದ್ದಾಳೆ, ಆರ್ಗಿರೋ. ಬೇರೆ ಯಾರೂ ಇಲ್ಲ.

ಅಂದೇ ಬಾಯಿ ಗುಡಿಸಲು ಶುರು ಮಾಡಿದಳು.

ಗಂಡ ಸಾಯುವ ಮೊದಲು ಇಳಿಸಿಟ್ಟಿದ್ದ ಅಂಜೂರದ ಸಾರಾಯಿ, ಸೂಮಾ, ಮೂರು ಸೀಸೆ ಇತ್ತು, ಬೆಂಕಿಕಡ್ಡಿ ತೋರಿಸಿದರೆ ಭಗ್ಗೆನ್ನುವ ಸರಕು. ಬೆಳಿಗ್ಗೆ ಎದ್ದು ಒಂದು ಲೋಟ ಸೂಮಾದಲ್ಲಿ ಬಾಯಿ ಮುಕ್ಕಳಿಸುವುದು. ಹತ್ತು ಗಂಟೆಗೆ ವಿನೆಗರ್. ಊಟವಾದ ಮೇಲೆ ಕಲ್ಲುಪ್ಪಿನಿಂದ ನಾಲಿಗೆ ಉಜ್ಜುವುದು. ಸಂಜೆ ಮತ್ತೆ ಸೂಮಾ. ಮಧ್ಯೆ ಮಧ್ಯೆ ಬಿಡುವಾದಾಗ ಎರಡು ಹಿಡಿ ಮಸ್ತೀಹಾ ಅಗಿಯುವುದು. ಮೂರನೆಯ ದಿನಕ್ಕೆ ನಾಲಿಗೆಗೆ ಆಲಿವ್ ಎಣ್ಣೆಯೂ ಖಾರವಾಯಿತು. ಐದನೆಯ ದಿನ ಬಿಸಿ ಸೂಪು ಬಾಯಿಗಿಟ್ಟು ಮೇಜು ಹಿಡಿದುಕೊಂಡು ಕೂತಳು. ಉರಿಯುತ್ತಿದೆಯೆಂದರೆ ಹುಳ ಸಾಯುತ್ತಿದೆಯೆಂದೇ ಅರ್ಥ ತಾನೆ? ಇಸಿದೋರಾಳಿಗೆ ಪ್ರತಿಯೊಂದು ಉರಿಯಲ್ಲೂ ಮೊಮ್ಮಗಳ ಕೆನ್ನೆ ಕಾಣುತ್ತಿತ್ತು. ಅದನ್ನು ನೆನೆದು ಇನ್ನೊಂದು ಗುಟುಕು ಮುಕ್ಕಳಿಸುತ್ತಿದ್ದಳು.

ಹತ್ತನೆಯ ದಿನ ಮಸ್ತೀಹಾ ಕೆರೆಯುವ ಕೊಟ್ಟಿಗೆಯಲ್ಲಿ ಎಲ್ಲರೂ ಸಾಲಾಗಿ ಬಾಯಿ ಬಿಟ್ಟು ನಿಂತರು. ಆರ್ಗಿರೋ ಬಾದಾಮಿ ಅಗಿಯುತ್ತಲೇ ಬಂದಳು, ಡಾಕ್ಟರು ಕಾಯಬೇಕಾಯಿತು. ಡಾಫ್ನಿ ಮಗುವನ್ನೂ ತಂದು ಅದರ ಬಾಯಿಗೂ ಕಡ್ಡಿ ಹಾಕಿಸಿದಳು. ಯಾರ ಬಾಯಿಯೂ ಸೋಕದ ಮಗುವಿನ ಬಾಯಿ ಎಷ್ಟು ಶುದ್ಧವಾಗಿರುತ್ತದೆ ಎಂದು ಊರಿಗೆ ತೋರಿಸಬೇಕೆಂಬ ಆಸೆ ಅವಳಿಗೆ. ಇಸಿದೋರಾ ಕಟ್ಟಕಡೆಗೆ ಬಂದಳು. ಬಾಗಿಲ ಆಚೆ ನಿಂತು ಕೊನೆಯ ಸೀಸೆಯ ಕೊನೆಯ ಗುಟುಕು ಮುಕ್ಕಳಿಸಿ, ಉಗುಳಿ, ಒಳಗೆ ಬಂದು ಬಾಯಿ ಬಿಟ್ಟಳು. ಅನೆಸ್ತಿಸನ ಕಣ್ಣಲ್ಲಿ ನೀರು ಬಂತು.

"ಅಮ್ಮಾ, ಕಾಗದ ಓದಿದ್ರಾ?"

"ಓದ್ದೆ ಮಗೂ. ಚೆನ್ನಾಗಿ ಬರ್ದಿದ್ದೀಯ. ಕಡ್ಡಿ ಹಾಕು."

ಅವನು ಇನ್ನೇನೋ ಹೇಳಹೊರಟ. ಅವಳು ಬಾಯಿ ಮುಚ್ಚದೆಯೇ ಕಣ್ಣು ಕೆಕ್ಕರಿಸಿದಳು. ಪಾಪ, ಕಡ್ಡಿ ಹಾಕಿದ.

ನಂಬರು ಗುಟ್ಟು ಎಂದಿದ್ದನಲ್ಲ, ಆ ಗುಟ್ಟು ಕಾಫಿ ಅಂಗಡಿಯವರೆಗೂ ಬದುಕಲಿಲ್ಲ. ಸಂಜೆಯೊಳಗೆ ಎಲ್ಲರ ಚೀಟಿಯೂ ಎಲ್ಲರಿಗೂ ಬಾಯಿಪಾಠವಾಗಿತ್ತು. ಆರ್ಗಿರೋ ಒಂಬತ್ತು, ಇಸಿದೋರಾ ಹನ್ನೆರಡು, ಪಾಪು ಇಪ್ಪತ್ತಮೂರು.

ಮೂರು ವಾರದ ಮೇಲೆ ಡಾಕ್ಟರು ಫಲಿತಾಂಶ ತಂದ. ಚರ್ಚಿನ ಪಕ್ಕದ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಸಿದೋರಾ ಕಪ್ಪು ರೇಷ್ಮೆ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಸೂಮಾ ಮುಗಿದ ಮೇಲೂ ವಿನೆಗರ್, ಉಪ್ಪು ಬಿಡದೆ ಬಾಯಿ ಒಳಗೆ ಹಸಿ ಹುಣ್ಣಾಗಿ ಎಂಜಲು ನುಂಗಲೂ ಕಷ್ಟ. ಆದರೆ ಮುಖದಲ್ಲಿ ಗೆದ್ದ ಕಳೆ. ಡಾಕ್ಟರು ಗೋಡೆಯ ಮೇಲೆ, ಕಡ್ಡಿಗೆ ಅಂಟಿದ್ದನ್ನು ಬೆಳೆಸಿದ ದುಂಡನೆಯ ಗಾಜಿನ ತಟ್ಟೆಗಳ ಚಿತ್ರವನ್ನು ಒಂದೊಂದಾಗಿ ಬೆಳಗಿಸಿದ. ಎಲ್ಲದರಲ್ಲೂ ಬಿಳಿ, ಹಳದಿ, ಗುಲಾಬಿ ಚುಕ್ಕೆಗಳು, ರವೆ ಚೆಲ್ಲಿದಂತೆ.

"ಹುಳ, ನೋಡ್ರಮ್ಮಾ ಹುಳ," ಎಂದು ಇಸಿದೋರಾ ಪಕ್ಕದವಳಿಗೆ ಪಿಸುಗುಟ್ಟಿದಳು.

"ಇದು ನಂಬರ್ ಒಂಬತ್ತು," ಎಂದ ಡಾಕ್ಟರು. ಆ ತಟ್ಟೆಯಲ್ಲಿ ಬಿಟ್ಟ ಜಾಗವೇ ಇರಲಿಲ್ಲ. ಹಜಾರದಲ್ಲಿ ಎಲ್ಲರೂ ಆರ್ಗಿರೋಳನ್ನು ನೋಡಿದರು. ಇಸಿದೋರಾ ಕರವಸ್ತ್ರವನ್ನು ಮೂಗಿಗೆ ಹಿಡಿದುಕೊಂಡಳು.

"ಇದು ನಂಬರ್ ಹನ್ನೆರಡು."

ತಟ್ಟೆ ಖಾಲಿ. ಒಂದು ಚುಕ್ಕೆಯೂ ಇಲ್ಲ. ಇಸಿದೋರಾ ಎದ್ದು ನಿಂತಳು, ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು, ಹಿಂದಕ್ಕೆ ತಿರುಗಿ ಇಡೀ ಹಜಾರಕ್ಕೆ ತನ್ನ ಚೀಟಿಯನ್ನು ಎತ್ತಿ ತೋರಿಸಿದಳು. "ಸೊನ್ನೆ! ನೋಡ್ಕೊಳ್ಳಿ! ಡಾಫ್ನೀ, ನೋಡ್ದೆಯೇನಮ್ಮಾ? ನನ್ನ ಬಾಯಿ ಆರೋಗ್ಯವಾಗಿದೆ ಅಂತ ಈಗ ಹೇಳಪ್ಪಾ ಡಾಕ್ಟ್ರೇ, ಗಟ್ಟಿಯಾಗಿ ಹೇಳು."

ಡಾಕ್ಟರು ಗಡ್ಡ ಕೆರೆದುಕೊಂಡ. "ಅಮ್ಮಾ, ಕೂತ್ಕೊಳ್ಳಿ. ಅದು... ಆರೋಗ್ಯದ ಬಾಯಿ ಅಂದ್ರೆ ಒಂಬತ್ತು."

"ಏನಂದೆ?"

"ನಂಬರ್ ಒಂಬತ್ತಿನ ಬಾಯಿ ನಾನು ಈವರೆಗೆ ನೋಡಿದ ಬಾಯಿಗಳಲ್ಲೆಲ್ಲ ಚೆಂದದ್ದು. ಈ ಚುಕ್ಕೆಗಳು ಕೆಟ್ಟವಲ್ಲಮ್ಮಾ, ಯಾರಿಗೂ ತೊಂದ್ರೆ ಕೊಡೋವಲ್ಲ. ಹೊಲಕ್ಕೆ ಒಕ್ಕಲು ಇದ್ದ ಹಾಗೆ. ಇವು ಜಾಗ ಹಿಡ್ಕೊಂಡು ಕೂತಿದ್ರೆ ಕಳ್ಳಕಾಕರು ಒಳಗೆ ಬರೋಕಾಗಲ್ಲ. ನೀವು... ಹನ್ನೆರಡನೇ ನಂಬರಿನವರು, ಯಾರೋ ನಂಗೆ ಗೊತ್ತಿಲ್ಲ, ಎಲ್ಲರನ್ನೂ ಒಕ್ಕಲೆಬ್ಬಿಸಿಬಿಟ್ಟಿದ್ದಾರೆ. ಬರೀ ಸೂಮಾ ವಾಸನೆ ಬಂತು. ನಿಮ್ಮ ಬಾಯಿ ಒಂಚೂರು ತೆಗೀರಿ?"

ಇಸಿದೋರಾ ದಂಗಾಗಿ ಬಾಯಿ ತೆರೆದೇ ಇದ್ದಳು. ಅವನು ಟಾರ್ಚು ಹಾಕಿ ನೋಡಿದ. "ಅಯ್ಯಯ್ಯೋ. ಪೂರ್ತಿ ಹುಣ್ಣಾಗಿದೆ. ನೋಡಿ, ಬಿಳಿ ಬೂಷ್ಟು ಹಿಡಿಯೋಕೂ ಶುರುವಾಗಿದೆ. ಖಾಲಿ ಮನೆ ಕಂಡ್ರೆ ನುಗ್ಗೋದು ಇಂಥವೇ."

ಚೊಕ್ಕಟದ ಇಸಿದೋರಾಳ ಬಾಯಿಗೆ ಬೂಷ್ಟು! ಹಜಾರದ ಹಿಂಬದಿಯಿಂದ ಮೊದಲು ಒಂದು ಗೊರಕೆಯಂಥ ಸದ್ದು ಬಂತು, ಆಮೇಲೆ ಇಡೀ ಊರು ನಕ್ಕಿತು. ಪಾದ್ರಿ ಸಂತರ ಪಟದ ಕಡೆ ತಿರುಗಿಕೊಂಡು ನಕ್ಕ.

ನಗು ಇಳಿಯುವವರೆಗೆ ಕಾದು, ಪಾಪದ ಡಾಕ್ಟರು ಮಾತು ಬದಲಿಸಲೆಂದು ಇನ್ನೊಂದು ಚಿತ್ರ ಹಾಕಿದ. "ಇದು ಇಪ್ಪತ್ತಮೂರು, ಮಗು. ಬಹಳ ಒಳ್ಳೆ ಬಾಯಿ. ಇದರಲ್ಲಿ ಒಂದು ಸಂತೋಷದ ಸಂಗತಿ ಇದೆ. ಈ ಗುಲಾಬಿ ಚುಕ್ಕೆ ಇದ್ಯಲ್ಲ, ಇದು ಅಪರೂಪದ ತಳಿ. ಇಡೀ ಊರಲ್ಲಿ ಇಬ್ಬರ ಬಾಯಲ್ಲಿ ಮಾತ್ರ ಸಿಕ್ತು, ಒಂಬತ್ತು ಮತ್ತೆ ಇಪ್ಪತ್ತಮೂರು. ಅಜ್ಜಿ ಮೊಮ್ಮಗು ಇರಬೇಕು ಅಲ್ವಾ? ದಿನಾ ಎಂಜಲು ಹಂಚಿಕೊಳ್ಳೋರಿಗೆ ಮಾತ್ರ ಹೀಗಾಗತ್ತೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ; ಆರ್ಗಿರೋ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಆರ್ಗಿರೋ ದೊಡ್ಡಮ್ಮಾ," ಎಂದಳು ಡಾಫ್ನಿ ಮೆಲ್ಲಗೆ. "ನಿಪ್ಪಲ್ ತೊಳೆದೇ ಕಳಿಸ್ತಿದ್ರಿ ತಾನೆ?"

"ತೊಳೀದೆ ಕಳಿಸ್ತೀನೇನಮ್ಮಾ? ಪ್ರತಿ ಸಲಾನೂ ತೊಳ್ದಿದ್ದೀನಿ."

"ಎಲ್ಲಿ?"

ಆರ್ಗಿರೋ ಬೆರಳಿನಿಂದ ತನ್ನ ಬಾಯಿ ತೋರಿಸಿದಳು. "ಇಲ್ಲಿ. ನಲ್ಲಿ ಹಿತ್ತಲಲ್ಲಿದೆ ಕಣಮ್ಮಾ, ನನ್ನ ಮಂಡಿ ನೋವು ನಿಂಗೇ ಗೊತ್ತು. ಬಾಯಲ್ಲಿ ಹಾಕಿ ಚೆನ್ನಾಗಿ ಚೀಪಿ, ಮಣ್ಣು ಉಗುಳಿ, ಕಳಿಸ್ತಿದ್ದೆ. ನನ್ನ ಐದು ಮಕ್ಕಳಿಗೂ ಹಾಗೇ ಮಾಡಿದ್ದು, ಒಬ್ಬನೂ ಸತ್ತಿಲ್ಲ."

ಡಾಫ್ನಿಯ ಮುಖ ಸುಣ್ಣದ ಹಾಗಾಯಿತು. ಡಾಕ್ಟರನ್ನು ನೋಡಿದಳು. "ಮಗುವಿಗೆ ಏನಾದ್ರೂ...?"

"ಏನೂ ಆಗಿಲ್ಲ. ಆರೋಗ್ಯದ ಬಾಯಿಂದ ಆರೋಗ್ಯದ ಒಕ್ಕಲೇ ಹೋಗಿದೆ. ನಿಮ್ಮದೂ ಹೋಗಿದೆ, ನಿಮ್ಮ ಯಜಮಾನರದ್ದೂ ಹೋಗಿದೆ. ಮಗು ಒಂಟಿಯಾಗಿ ಬೆಳೆಯತ್ತಾ?" ಎಂದ ಅವನು. "ಹುಷಾರಿಲ್ಲದವರು, ಬಾಯಲ್ಲಿ ಹುಣ್ಣು ಇರೋರು ಹತ್ತಿರ ಹೋಗಬಾರದು, ಅಷ್ಟೇ."

ಡಾಫ್ನಿ ಬೆಂಚಿನ ಮೇಲೆ ಕೂತಳು. ಅವಳ ಭುಜ ಅಲುಗಾಡುವುದನ್ನು ಕಂಡು ಸ್ತಮಾತಿಸ್ ಅಳುತ್ತಿದ್ದಾಳೆಂದು ಹೆದರಿದ. ಅವಳು ನಗುತ್ತಿದ್ದಳು. "ಆರು ತಿಂಗಳು ಕಾವಲು ಕಾದೆನಲ್ಲ ರೀ," ಎಂದಳು. "ನಾನೇ ಬುಟ್ಟಿ ಇಳಿಬಿಟ್ಟು ತರಿಸ್ಕೊಂಡಿದ್ದೀನಿ!" ಕಣ್ಣೊರೆಸಿಕೊಂಡು ಎದ್ದು ನಿಂತು ಊರಿಗೆಲ್ಲ ಕೇಳುವಂತೆ ಹೇಳಿದಳು, "ಸರಿ. ಇವತ್ತಿಂದ ಮುತ್ತು ಕೊಡೋರು ಕೊಡಿ, ಉಗುಳೋರು ಉಗುಳಿ." ಆಮೇಲೆ ಮುಂದಿನ ಸಾಲಿನ ಕಡೆ ನೋಡಿ ದನಿ ತಗ್ಗಿಸಿದಳು. "ಅತ್ತೆ... ನೀವು ಮಾತ್ರ ಸ್ವಲ್ಪ ದಿನ ತಡೀರಿ."

ಹೀಗೆ ಊರಿನಲ್ಲಿ ಹಲ್ಲಿರುವವರು, ಇಲ್ಲದವರು, ಬೆಳ್ಳುಳ್ಳಿ ತಿಂದವರು, ಮೀನು ಮಾರುವವರು ಎಲ್ಲರೂ ಸಾಲಾಗಿ ಬಂದು ಪಾಪುವಿಗೆ ಮುತ್ತಿಟ್ಟು, ಥೂ ಥೂ ಥೂ ಎಂದು ಹೋದರು. ಆ ಒಬ್ಬ ಅಜ್ಜಿಯನ್ನು ಬಿಟ್ಟು. ಇಸಿದೋರಾ ಮನೆಗೆ ಬಂದು ಬಾಗಿಲು ಹಾಕಿಕೊಂಡು, ಪಳಪಳ ಹೊಳೆಯುವ ಅಡುಗೆಮನೆಯ ನೆಲದ ಮೇಲೆ ಕೂತು ಮಗುವಿನ ಹಾಗೆ ಅತ್ತಳು. ಕಣ್ಣೀರು ತುಟಿಗೆ ತಾಗಿ ಹುಣ್ಣು ಉರಿದಾಗ ಇನ್ನಷ್ಟು ಅತ್ತಳು.

ಮರುದಿನ ಡಾಫ್ನಿಯೇ ಬಂದು ಅವಳ ನಾಲಿಗೆಗೆ ಔಷಧಿ ಹನಿ ಹಾಕಿದಳು. ದಿನಾ ನಾಲ್ಕು ಸಲ ಅಂಗಡಿ ಬಿಟ್ಟು ಬಂದು ಹಾಕಿದಳು. ಬೈಯಲಿಲ್ಲ, ಅದನ್ನೇ ಇಸಿದೋರಾಳಿಗೆ ತಡೆಯಲಾಗಲಿಲ್ಲ.

"ಆ ಹಾಳಾದವನ್ನ ವಾಪಸ್ ತರೋಕೆ ಏನ್ಮಾಡಬೇಕಮ್ಮಾ? ಅಂಗಡೀಲಿ ಸಿಗತ್ತಾ?"

"ಏನೂ ಮಾಡಬಾರದು ಅತ್ತೆ. ಬೆಳಿಗ್ಗೆ ರಾತ್ರಿ ಬ್ರಷ್ ಮಾಡಿ, ಸಾಕು. ಅವೇ ಬರ್ತವೆ. ಹುಣ್ಣು ವಾಸಿಯಾದ್ಮೇಲೆ ಡಾಕ್ಟರ್ ಇನ್ನೊಂದ್ಸಲ ಕಡ್ಡಿ ಹಾಕ್ತಾರಂತೆ, ಫೆಬ್ರವರೀಲಿ."

ಏನೂ ಮಾಡಬಾರದು! ಇಸಿದೋರಾಳಿಗೆ ಅದಕ್ಕಿಂತ ಘೋರ ಶಿಕ್ಷೆ ದೇವರೂ ಕೊಟ್ಟಿರಲಿಲ್ಲ. "ಎಲ್ಲಿಂದ ಬರ್ತವೆ? ಗಾಳಿಯಿಂದ್ಲಾ?"

"ನಿಮ್ಮ ಬಾಯಲ್ಲೇ ಎಲ್ಲೋ ಮೂಲೇಲಿ ಉಳಿದಿರೋವು ಬೆಳೀತವೆ. ಮಿಕ್ಕಿದ್ದು ಜನರಿಂದ. ಜೊತೇಲಿ ಕೂತು ಮಾತಾಡಿದ್ರೆ, ಒಂದೇ ತಟ್ಟೇಲಿ ತಿಂದ್ರೆ. ನೀವು ಯಾರ ಜೊತೆ ಊಟ ಮಾಡ್ತೀರಾ ಅತ್ತೆ?"

ಗಂಡ ಸತ್ತ ಮೇಲೆ ಇಸಿದೋರಾ ಒಂದು ತಟ್ಟೆ, ಒಂದು ಫೋರ್ಕು ಇಟ್ಟುಕೊಂಡು, ಎರಡನ್ನೂ ಊಟಕ್ಕೆ ಮುಂಚೆ ಒಮ್ಮೆ ಆಮೇಲೆ ಒಮ್ಮೆ ಕುದಿಸಿ, ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದಳು. ಗೋಡೆಗೆ ಎಲ್ಲಿಯ ಬಾಯಿ.

ಹುಣ್ಣು ಮಾಯಲು ತಿಂಗಳಾಯಿತು. ಜನವರಿಯ ಒಂದು ಮಧ್ಯಾಹ್ನ, ಆರ್ಗಿರೋ ಅಂಗಳದಲ್ಲಿ ಬಿಸಿಲಿಗೆ ಕೂತು ಎಲೆಕೋಸಿನ ಸಲಾಡಿಗೆ ನಿಂಬೆ ಹಿಂಡುತ್ತಿದ್ದಾಗ, ಬಾಗಿಲಲ್ಲಿ ಕಪ್ಪು ಬಟ್ಟೆಯ ನೆರಳು ಬಿತ್ತು.

"ಏನೇ ಬಂದೆ?" ಎಂದಳು ಆರ್ಗಿರೋ ತಲೆಯೆತ್ತದೆ. "ಚಮಚ ಒರೆಸೋಕಾ?"

"ಹಸಿವಾಗ್ತಿದೆ."

"ನಿಮ್ಮನೇಲಿ ಒಲೆ ಇಲ್ವಾ?"

"ಒಲೆ ಇದೆ." ಇಸಿದೋರಾ ಒಳಗೆ ಬಂದು ಕುರ್ಚಿಯ ಮೇಲಿದ್ದ ಕೋಳಿಯನ್ನು ನೋಡಿದಳು, ಕೋಳಿ ಅವಳನ್ನು ನೋಡಿತು. ಕೋಳಿಯನ್ನು ಎಬ್ಬಿಸಿ, ಕುರ್ಚಿಯನ್ನು ಒರೆಸದೆ ಕೂತಳು. ಹಾಗೆ ಕೂರುವಾಗ ಅವಳ ಮುಖ ನೋಡಬೇಕಿತ್ತು. "ನೋಡೇ ಆರ್ಗಿರೋ, ಸುತ್ತಿ ಬಳಸಿ ಹೇಳೋಕೆ ನಂಗೆ ಬರಲ್ಲ. ಅವತ್ತು ಚಮಚ ಒರೆಸಿದ್ದು ತಪ್ಪಾಯ್ತು. ನಂಗೆ ನಿನ್ನ ಹುಳ ಬೇಕು."

ಆರ್ಗಿರೋ ನಿಂಬೆಹಣ್ಣು ಕೆಳಗಿಟ್ಟಳು.

"ಹನ್ನೊಂದು ವರ್ಷ," ಎಂದಳು. "ಹನ್ನೊಂದು ವರ್ಷ ನೀನು ಓಣೀಲಿ ಎದುರು ಬಂದ್ರೆ ಗೋಡೆ ಕಡೆ ತಿರುಗ್ಕೊಂಡೆ. ನನ್ನ ಗಂಡ ಸತ್ತಾಗ ಬಾಗಿಲವರೆಗೂ ಬಂದು ಹೋದೆ, ಒಳಗೆ ಬರ್ಲಿಲ್ಲ. ಈಗ ಹುಳ ಬೇಕಂತೆ, ಹುಳ!"

"ಬರ್ಬೇಕಿತ್ತು," ಎಂದಳು ಇಸಿದೋರಾ. "ನೀನು ಒಳಗೆ ಬಿಡಲ್ಲ ಅಂದ್ಕೊಂಡೆ."

"ಬಿಡ್ತಿರ್ಲಿಲ್ಲ. ಆದ್ರೂ ಬರ್ಬೇಕಿತ್ತು." ಆರ್ಗಿರೋ ಒಳಗೆ ಹೋಗಿ ಇನ್ನೊಂದು ಫೋರ್ಕು ತಂದಳು. ಮೊದಲು ತನ್ನ ಫೋರ್ಕಿನಿಂದ ಒಂದು ತುತ್ತು ತಿಂದು, ಅದನ್ನು ಬೇಕೆಂದೇ ಎರಡೂ ಕಡೆ ನೆಕ್ಕಿ, ಬೋಗುಣಿಯಲ್ಲಿ ನಾಲ್ಕು ಸುತ್ತು ಕಲಸಿದಳು. "ತಗೋ. ಪೂರ್ತಿ ಒಕ್ಕಲು ಹಾಕಿದ್ದೀನಿ. ಉಣ್ಣು."

ಇಸಿದೋರಾ ಕಣ್ಣು ಮುಚ್ಚಿಕೊಂಡು, ಎದೆಯ ಮೇಲೆ ಶಿಲುಬೆ ಗುರುತು ಮಾಡಿ, ಫೋರ್ಕು ಚುಚ್ಚಿದಳು. ಅಗಿದಳು. ನುಂಗಿದಳು.

"ಉಪ್ಪು ಜಾಸ್ತಿ," ಎಂದಳು.

"ಸದ್ಯ, ಬಾಯಿ ವಾಸಿಯಾಗಿದೆ," ಎಂದಳು ಆರ್ಗಿರೋ.

ಮರುದಿನ ಇಸಿದೋರಾ ಮತ್ತೆ ಬಂದಳು, ಬರುವಾಗ ಕಡಲೆಕಾಳಿನ ಸಾರು ತಂದಳು. ಅದರ ಮರುದಿನವೂ ಬಂದಳು. ಮೊದಮೊದಲು ಹುಳಕ್ಕಾಗಿ ಬರುತ್ತಿದ್ದಳು. ಆಮೇಲಾಮೇಲೆ, ಪಾದ್ರಿಯ ಹೆಂಡತಿಯನ್ನು ಇಬ್ಬರೂ ಸೇರಿ ಬೈಯುವ ಸುಖಕ್ಕೆ, ಸತ್ತ ಗಂಡಂದಿರ ಗೊರಕೆಯನ್ನು ನೆನೆದು ನಗುವುದಕ್ಕೆ, ಯಾವುದಕ್ಕೆ ಬರುತ್ತಿದ್ದಳೆಂದು ಅವಳಿಗೂ ಮರೆತುಹೋಯಿತು. ಕೋಳಿಯೂ ಕುರ್ಚಿ ಬಿಟ್ಟುಕೊಟ್ಟಿತು. ಮೇಲಿನಿಂದ ಪಾಪು 'ಆ' ಎಂದರೆ ಇಬ್ಬರೂ ಮುಖವೆತ್ತುತ್ತಿದ್ದರು. ನಿಪ್ಪಲ್ಲು ಬಿದ್ದರೆ ಹೆಕ್ಕುವುದು ಆರ್ಗಿರೋ. ಸ್ತಮಾತಿಸ್ ಅವಳ ಅಂಗಳದಲ್ಲೇ ಒಂದು ಹೊಸ ಹಿತ್ತಾಳೆ ನಲ್ಲಿ ಹಾಕಿಸಿಕೊಟ್ಟಿದ್ದ, ಈಗ ಅದರಲ್ಲೇ ತೊಳೆಯಬೇಕು. ಅಷ್ಟರಮಟ್ಟಿಗೆ ಡಾಫ್ನಿಯ ಕಾನೂನು ಇನ್ನೂ ಜಾರಿಯಲ್ಲಿತ್ತು. ಇಸಿದೋರಾ ಆಗ ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಬೇರೆ ಕಡೆ ನೋಡುತ್ತಿದ್ದಳು.

ಫೆಬ್ರವರಿಯಲ್ಲಿ ಅನೆಸ್ತಿಸ್ ಬಂದು ಅವಳ ಬಾಯಿಗೆ ಮತ್ತೆ ಕಡ್ಡಿ ಹಾಕಿಕೊಂಡು ಹೋದ. ಈ ಸಲ ಅವಳು ನಿಜಕ್ಕೂ ಏನೂ ಮಾಡಿರಲಿಲ್ಲ. ಆ ಮೂರು ವಾರ ಅವಳಿಗೆ ನಿದ್ದೆಯಿಲ್ಲ. ಕಡ್ಡಿಯಲ್ಲಿ ಮತ್ತೆ ಸೊನ್ನೆ ಬಂದರೆ? ಮನೆ ಖಾಲಿ ಮಾಡಿಸಿದವಳ ಮೇಲೆ ಸಿಟ್ಟಾಗಿ ಅವು ಬಾರದೇ ಹೋದರೆ?

ಮಾರ್ಚ್ ಮೊದಲ ವಾರ, ಮಧ್ಯಾಹ್ನ. ಅಂಗಳದಲ್ಲಿ ಇಬ್ಬರೂ ಬೆಂದ ಸೊಪ್ಪನ್ನು ಒಂದೇ ಬೋಗುಣಿಯಿಂದ ತಿನ್ನುತ್ತಿದ್ದರು. ಮೇಲೆ ಬಾಲ್ಕನಿಯಲ್ಲಿ ಡಾಫ್ನಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದಳು. ಮಾತು ಮುಗಿಯಿತು.

"ಅತ್ತೆ, ಡಾಕ್ಟರ್ ಫೋನ್ ಮಾಡಿದ್ರು."

ಇಸಿದೋರಾಳ ಫೋರ್ಕು ನಿಂತಿತು. "ಏನಂದ?"

"ನಿಮ್ಮ ಮನೆ ತುಂಬಿದ್ಯಂತೆ. ಬಿಟ್ಟ ಜಾಗ ಇಲ್ವಂತೆ. ಆ ಗುಲಾಬಿ ಚುಕ್ಕೇನೂ ಬಂದು ಕೂತಿದ್ಯಂತೆ, ಈಗ ಊರಲ್ಲಿ ಮೂರು ಜನ ಅಂದ್ರು."

ಇಸಿದೋರಾ ಏನಾದರೂ ಹೇಳುವ ಮೊದಲೇ ಮಗು ಕೈಬೀಸಿತು. ನಿಪ್ಪಲ್ಲು ಗೋಡೆಗೆ ತಾಗಿ, ಅಂಗಳದ ಕಲ್ಲಿನ ಮೇಲೆ ಎರಡು ಸಲ ಕುಪ್ಪಳಿಸಿ, ಅವಳ ಪಾದದ ಹತ್ತಿರ ಬಂದು ನಿಂತಿತು. ಆರ್ಗಿರೋ ಅಭ್ಯಾಸಬಲದಿಂದ ಎದ್ದು ನಲ್ಲಿ ತಿರುಗಿಸಿದಳು. ನೀರು ಸುರಿಯತೊಡಗಿತು.

ಡಾಫ್ನಿ ಬುಟ್ಟಿ ಇಳಿಬಿಡಲಿಲ್ಲ. ಬಾಲ್ಕನಿಯಿಂದ ಬಗ್ಗಿ ಕೆಳಗೆ ನೋಡಿದಳು. "ದೊಡ್ಡಮ್ಮಾ, ಆ ನಲ್ಲಿ ಕೆಟ್ಟಿದ್ಯಲ್ವಾ?"

ಆರ್ಗಿರೋ ಸುರಿಯುವ ನೀರನ್ನು ನೋಡಿದಳು, ಮೇಲೆ ನೋಡಿದಳು, ಇಸಿದೋರಾಳನ್ನು ನೋಡಿದಳು. ತಟ್ಟನೆ ನಲ್ಲಿ ನಿಲ್ಲಿಸಿದಳು.

"ಕೆಟ್ಟಿದೆ ಕಣಮ್ಮಾ. ಬೆಳಿಗ್ಗೆಯಿಂದ ಒಂದು ಹನೀನೂ ಇಲ್ಲ."

"ಹಾಗಾದ್ರೆ ಅತ್ತೆ, ನೀವೇ ತೊಳ್ಕೊಂಡು ಮೇಲೆ ಬನ್ನಿ."

ಇಸಿದೋರಾ ಬಗ್ಗಿ ನಿಪ್ಪಲ್ಲನ್ನು ಎತ್ತಿಕೊಂಡಳು. ಅದಕ್ಕೆ ಮಣ್ಣು ಮೆತ್ತಿತ್ತು, ಒಂದು ಕೋಳಿಪುಕ್ಕವೂ ಅಂಟಿತ್ತು. ಪುಕ್ಕ ಕಿತ್ತು ಎಸೆದು, ನಿಪ್ಪಲ್ಲನ್ನು ಬಾಯಿಗೆ ಹಾಕಿಕೊಂಡು, ಚೀಪಿ, ಮಣ್ಣು ಉಗುಳಿ, ಮತ್ತೆ ಚೀಪಿದಳು. ಹಾಗೆ ಅದನ್ನು ಬಾಯಲ್ಲಿಟ್ಟುಕೊಂಡೇ ಎಪ್ಪತ್ತನಾಲ್ಕು ವರ್ಷದ ಇಸಿದೋರಾ ಮಹಡಿ ಮೆಟ್ಟಿಲು ಹತ್ತಿದಳು. ಆರ್ಗಿರೋ ಕೆಳಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇವಳಿಗೆ ತಿರುಗಿ ಬೈಯಲು ಬಾಯಿ ಖಾಲಿಯಿರಲಿಲ್ಲ.

ಡಾಫ್ನಿ ಬಾಗಿಲಲ್ಲೇ ಮಗುವನ್ನು ಅವಳ ತೋಳಿಗೆ ಕೊಟ್ಟಳು. ಇಸಿದೋರಾ ನಿಪ್ಪಲ್ಲನ್ನು ತೆಗೆದು ಮಗುವಿನ ಬಾಯಿಗಿಟ್ಟಳು, ಎಡಕೆನ್ನೆಗೆ ಮುತ್ತಿಟ್ಟಳು, ಬಲಕೆನ್ನೆಗೆ ಇಟ್ಟಳು, ಹಣೆಗೆ ಇಟ್ಟಳು. "ಎಷ್ಟು ಮುದ್ದಾಗಿದ್ದೀಯೇ ನನ್ನವ್ವಾ," ಎಂದಳು. ಆಮೇಲೆ ಒಂಬತ್ತು ತಿಂಗಳಿಂದ ಬಾಯಲ್ಲಿ ಹಿಡಿದಿಟ್ಟುಕೊಂಡದ್ದನ್ನೆಲ್ಲ ಸೇರಿಸಿ, ಥೂ, ಥೂ, ಥೂ ಎಂದಳು.

ಒಂದು ಹನಿ ಮಗುವಿನ ಮೂಗಿನ ತುದಿಯಲ್ಲಿ ಕೂತಿತು. ಡಾಫ್ನಿ ಹೆಗಲ ಮೇಲಿನ ಟವೆಲ್ಲಿನ ತುದಿ ಎತ್ತಿದಳು.

"ಒರೆಸ್ಬೇಡ ಬಿಡಮ್ಮಾ," ಎಂದಳು ಇಸಿದೋರಾ. "ಇರಲಿ."